ತೋಮೆಯ ಹುರಿಯಲ್ಲೊಂದು ಗಂಟು

ತೋಮೆಯನ್ನು ನಾನು ಮೊದಲು ಕಂಡದ್ದು ನನ್ನ ಮದುವೆಯ ದಿನ, ಗಂಡನ ಮನೆಯ ಹೊಸಿಲು ದಾಟುವುದಕ್ಕೂ ಮೊದಲು.

ಇಗಾ ಸೀಮೆಯಲ್ಲಿ ತೊಚಿನೊ ಕಣಿವೆಗೆ ಇಳಿಯುವ ಜಾಗದಲ್ಲಿ, ಗುಡ್ಡದ ನೆತ್ತಿಯ ಮೇಲೆ ಅವಳ ಗುಡಿಸಲು ಇತ್ತು. ಕಣಿವೆಗೆ ಸೊಸೆಯಾಗಿ ಬರುವವಳು ಯಾರೇ ಆಗಲಿ, ಮೊದಲು ಅಲ್ಲಿ ನಿಲ್ಲಬೇಕು. ನನಗೆ ಹದಿನಾರು. ಒಳಗೆ ಕೂತಿದ್ದವಳಿಗೆ ಇಪ್ಪತ್ತೊಂದು. ಸಣ್ಣವಳಿದ್ದಾಗ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ಮುಖ ಆಲಿಕಲ್ಲು ಬಿದ್ದ ಕೆಸರುಗದ್ದೆಯ ಹಾಗಿತ್ತು. ಚೆಲುವೆಯಾಗಿದ್ದರೆ ಮುಂದೆ ನನ್ನ ಹೊಟ್ಟೆಕಿಚ್ಚಿಗೆ ಒಂದು ನೆಪವಾದರೂ ಸಿಗುತ್ತಿತ್ತು.

ಅವಳು ನನ್ನ ಹಣೆ, ಮೂಗು, ಗದ್ದ, ಕಿವಿ ಎಲ್ಲವನ್ನೂ ಬೆರಳಿಂದ ಸವರಿ ನೋಡಿದಳು.

"ಮೂಗು ಸಣ್ಣದು, ಗದ್ದ ಗಟ್ಟಿ. ಹಿಕೊಜೊ, ಹುಷಾರು ಕಣೋ. ಸಿಟ್ಟು ಬಂದ್ರೆ ಊಟ ಬಿಡೋ ಜಾತಿ ಅಲ್ಲ ಇದು. ನಿನಗೆ ಊಟ ಹಾಕದೆ ಇರೋ ಜಾತಿ."

ನನ್ನ ಗಂಡ ತಲೆ ಹಿಂದಕ್ಕೆ ಹಾಕಿ, ಹಲ್ಲೆಲ್ಲ ಕಾಣುವ ಹಾಗೆ ನಕ್ಕರು. ಅವರ ಜೊತೆ ನಾನು ಬಾಳಿದ್ದು ಒಂಬತ್ತು ವರ್ಷ. ಅಷ್ಟರಲ್ಲಿ ಅವರು ಹಾಗೆ ನಕ್ಕದ್ದನ್ನು ಏಳು ಸಲ ಕಂಡಿದ್ದೇನೆ. ಅದರಲ್ಲಿ ಐದು ಸಲ ಆ ಗುಡಿಸಲಿನಲ್ಲಿ.

ಇನ್ನೊಂದು ಮಾತು. ನಾನು ಒಂದು ದಿನವೂ ಅವರ ಹೆಸರು ಹಿಡಿದು ಕರೆದವಳಲ್ಲ. ಅವಳು ಮಾತ್ರ ಮೊದಲಿಂದ ಕೊನೆಯವರೆಗೂ ಹಿಕೊಜೊ, ಹಿಕೊಜೊ ಎಂದೇ ಕರೆದಳು.

ತೊಚಿನೊ ಎಂದರೆ ಹದಿನಾಲ್ಕು ಮನೆ. ಗಂಡಸರು ಗದ್ದೆ ಉಳುತ್ತಿದ್ದರು, ಆದರೆ ಮನೆ ನಡೆಯುತ್ತಿದ್ದದ್ದು ಗದ್ದೆಯಿಂದಲ್ಲ. ಐದು ತಲೆಮಾರಿನಿಂದ ಅವರದು ಶಿನೊಬಿ ಕೆಲಸ. ದೂರದ ದೊರೆಗಳು ಕರೆ ಕಳಿಸಿದರೆ ಹೋಗಿ ಶತ್ರುವಿನ ಕೋಟೆಯೊಳಗೆ ನುಸುಳಬೇಕು. ಕುದುರೆ ಎಷ್ಟಿವೆ, ಬಾವಿ ಎಲ್ಲಿದೆ, ಯಾವ ಕಾವಲಿನವನು ತೂಕಡಿಸುತ್ತಾನೆ ಎಂದು ನೋಡಿಕೊಂಡು ಬರಬೇಕು, ಹೇಳಿದರೆ ಬೆಂಕಿ ಹಚ್ಚಿಯೂ ಬರಬೇಕು. ಯಾವ ಮನೆಯಲ್ಲೂ ಇದರ ಬಗ್ಗೆ ಒಂದಕ್ಷರ ಬರೆದಿಡುತ್ತಿರಲಿಲ್ಲ.

ಕೆಲಸಕ್ಕೆ ಹೊರಟವನು ಎಲ್ಲಿಗೆ ಎಂದು ಹೆಂಡತಿಗೆ ಹೇಳುವ ಹಾಗಿಲ್ಲ. ಶತ್ರು ಮೊದಲು ಹಿಡಿಯುವುದು ಹೆಂಡತಿಯನ್ನು. ಗೊತ್ತೇ ಇಲ್ಲದವಳನ್ನು ಎಷ್ಟು ಹೊಡೆದರೂ ಏನೂ ಸಿಗುವುದಿಲ್ಲ. ಅದಕ್ಕೇ ಗುಡ್ಡದ ನೆತ್ತಿಯ ಗುಡಿಸಲು. ಮದುವೆಯಾಗದ, ಕಣ್ಣಿಲ್ಲದ ಒಬ್ಬ ಹೆಂಗಸು ಅಲ್ಲಿರಬೇಕು. ಇವನನ್ನು ಕಂಡಿದ್ದೀಯಾ ಎಂದು ಯಾರು ಕೇಳಿದರೂ ಅವಳು ಸುಳ್ಳಾಡದೆ ಇಲ್ಲ ಎನ್ನಬಹುದು. ಹೊರಟವನು ಅವಳ ಸೆಣಬಿನ ಹುರಿಯಲ್ಲಿ ತನ್ನದೇ ರೀತಿಯ ಒಂದು ಗಂಟು ಹಾಕಿ, ಎಲ್ಲಿಗೆ ಹೋಗುತ್ತೇನೆ, ಬಾರದಿದ್ದರೆ ಹೆಂಡತಿಗೆ ಏನು ಹೇಳಬೇಕು ಎಂದು ಅವಳ ಕಿವಿಯಲ್ಲಿ ಹೇಳಿ ಹೋಗುತ್ತಿದ್ದ. ತಿರುಗಿ ಬಂದವನು ಮನೆಗೆ ಇಳಿಯುವ ಮುಂಚೆ ತನ್ನ ಗಂಟನ್ನು ತನ್ನ ಕೈಯಿಂದಲೇ, ಮಾತಿಲ್ಲದೆ ಬಿಚ್ಚಬೇಕು. ಗಂಟು ಬಿಚ್ಚಿತು ಎಂದರೆ ಅವನು ಹೇಳಿದ್ದನ್ನು ಅವಳು ಮರೆಯಬೇಕು. ಮೂರು ವರ್ಷವಾದರೂ ಬಿಚ್ಚದಿದ್ದರೆ ಅವನ ಹೆಂಡತಿಗೆ ಆ ಮಾತು ಮುಟ್ಟಿಸಬೇಕು. ಇಷ್ಟೇ ಕಟ್ಟಳೆ. ತೋಮೆಗೆ ಮೊದಲು ಇನ್ನೊಬ್ಬ ಕುರುಡು ಮುದುಕಿ ಇದನ್ನು ನಡೆಸಿದ್ದಳು.

ನನ್ನ ಗಂಡ ಹೊರಡುವ ದಿನ ನನಗೆ "ಬರ್ತೀನಿ" ಎನ್ನುತ್ತಿದ್ದರು. ಅಷ್ಟೇ. ಆಮೇಲೆ ಗುಡ್ಡ ಹತ್ತಿ ಆ ಗುಡಿಸಲಿನೊಳಗೆ ಹೋಗುತ್ತಿದ್ದರು. ಗದ್ದೆಯಲ್ಲಿ ನಿಂತರೆ ಬಾಗಿಲು ಕಾಣುತ್ತಿತ್ತು. ಒಂದು ಮಡಕೆ ಅನ್ನ ಕುದಿದು ಇಂಗುವಷ್ಟು ಹೊತ್ತು ಅವರು ಒಳಗೇ ಇರುತ್ತಿದ್ದರು.

"ಅತ್ತೆ, ಅಷ್ಟೊತ್ತು ಏನ್ ಮಾತಾಡ್ತಾರೆ?" ಎಂದು ಒಂದು ದಿನ ಕೇಳಿದೆ.

"ನಿನ್ನ ಮಾವನೂ ಮಾತಾಡ್ತಿದ್ದ, ಆಗಿನ ಕುರುಡಿ ಹತ್ರ. ನಾನೇನ್ ಸತ್ತೋದ್ನಾ? ಬಾಯ್ ಮುಚ್ಕೊಂಡು ಕಳೆ ಕೀಳು."

"ನಿಮಗೆ ಹೊಟ್ಟೆ ಉರೀಲಿಲ್ವಾ?"

"ಉರೀತು. ಅದಕ್ಕೇ ನಾ ಹಾಕಿದ ಮೂಲಂಗಿ ಉಪ್ಪಿನಕಾಯಿ ಊರಿಗೆಲ್ಲ ಹುಳಿ" ಎಂದು ಅತ್ತೆ ಬಗ್ಗಿಕೊಂಡೇ ನಕ್ಕರು.

ತೋಮೆಗೆ ಊಟ ಕೊಡುವುದು ಹದಿನಾಲ್ಕು ಮನೆಯ ಸರದಿ. ನನ್ನ ಪಾಳಿ ಬಂದ ದಿನ ನವಣೆ ಗಂಜಿಯನ್ನೂ ಮೂಲಂಗಿಯನ್ನೂ ಹೊತ್ತುಕೊಂಡು ಹೋಗುತ್ತಿದ್ದೆ. ಅವಳು ಒಂದು ತುತ್ತು ಬಾಯಿಗಿಟ್ಟು ಹೇಳುತ್ತಿದ್ದಳು:

"ಇವತ್ತು ಉಪ್ಪು ಮುಂದು. ಅಂದ್ರೆ ಹಿಕೊಜೊ ಹೊರಡ್ತಾನೆ ಅಂತ ನಿನಗೆ ಗೊತ್ತಾಗಿದೆ."

"ಎಲ್ಲಿಗೆ ಅಕ್ಕ? ಊರು ಬೇಡ, ದಿಕ್ಕು ಮಾತ್ರ ಹೇಳು. ಆ ಕಡೆ ಕಾಲು ಚಾಚಿ ಮಲಗಲ್ಲ, ಅಷ್ಟೇ."

"ದಿಕ್ಕು ಹೇಳಿದ್ರೆ ಅರ್ಧ ಊರು ಹೇಳ್ದಂಗೆ. ಕಾಲು ಮಡಚಿಕೊಂಡು ಮಲಗು, ನಾಲ್ಕು ದಿಕ್ಕಿಗೂ ಆಯ್ತು."

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಅದು ನನಗೆ ಇನ್ನೂ ಉರಿ. ಒಮ್ಮೆ ಅವಳೇ ಹುರಿಯನ್ನು ನನ್ನ ಕೈಗಿಟ್ಟು ತೋರಿಸಿದಳು. "ಇದು ನೋಡು, ಅವನದು. ಎರಡು ಸುತ್ತು ಸುತ್ತಿ, ತುದಿ ಒಂದು ಎಳೆ ಹೊರಗೆ ಬಿಟ್ಟಿದ್ದಾನೆ. ಅವಸರದವನು. ಒಳಗೊಳಗೇ ಹೆದರೋನು ಕೂಡ. ಹೆದರದೋರು ತುದಿ ಬಿಡಲ್ಲ."

ಅವರ ಬಟ್ಟೆ ಒಗೆದವಳು ನಾನು. ಅವರ ಬೆನ್ನಿನ ಮೇಲೆ ಎಷ್ಟು ಮಚ್ಚೆ ಇವೆ ಎಂದು ಗೊತ್ತಿದ್ದವಳು ನಾನು. ಆದರೂ ಅವರು ಹೆದರುತ್ತಾರೆ ಎಂಬುದು ನನಗೆ ಆವತ್ತು ಅವಳ ಬಾಯಿಂದ ತಿಳಿಯಿತು.

ಇಗಾ ಉರಿದದ್ದು ನಮ್ಮ ಮದುವೆಯಾದ ಒಂಬತ್ತನೇ ವರ್ಷ, ಒಂಬತ್ತನೇ ತಿಂಗಳು. ಎರಡು ವರ್ಷದ ಹಿಂದೆ ಓವಾರಿ ದೊರೆಯ ಸೈನ್ಯ ಒಮ್ಮೆ ಬಂದು, ನಮ್ಮವರ ಕೈಯಲ್ಲಿ ಪೆಟ್ಟು ತಿಂದು ಓಡಿತ್ತು. ಮತ್ತೆ ಬರುತ್ತದೆ, ಈ ಸಲ ಇಗಾದಷ್ಟೇ ದೊಡ್ಡದಾಗಿ ಬರುತ್ತದೆ ಎಂದು ಸುದ್ದಿ. ನನ್ನ ಗಂಡ ಹೊರಟು ಹನ್ನೆರಡು ದಿನವಾಗಿತ್ತು. ನಾನು ಕಾಗದದ ಮಳೆಯಂಗಿಗಳಿಗೆ ಕಾಕಿ ಎಂಬ ಹಣ್ಣಿನ ಎಳೆಗಾಯಿಯ ಒಗರು ರಸ ಬಳಿಯುತ್ತಿದ್ದೆ. ಬಳಿದರೆ ನೀರು ಇಳಿಯುವುದಿಲ್ಲ. ಆದರೆ ಕೊಳೆಸಿದ ಆ ರಸದ ನಾತ ಕೈ ಬಿಡುವುದಿಲ್ಲ, ಬಣ್ಣವೂ ಬಿಡುವುದಿಲ್ಲ. ನನ್ನ ಕೈ ಮುಂಗೈವರೆಗೆ ಕಂದು ಬಣ್ಣ ಹಿಡಿದಿತ್ತು.

ಆವತ್ತು ಊಟದ ಪಾಳಿ ನನ್ನದು. ಮಧ್ಯಾಹ್ನ ಗುಡ್ಡ ಹತ್ತಿದೆ. ತೋಮೆ ಹಿಂದಿನ ತೊರೆಯಲ್ಲಿ ತಲೆ ತೊಳೆಯುತ್ತಿದ್ದಳು. ನೀರಿನ ಸದ್ದು ಕೇಳುತ್ತಿತ್ತು. ಒಳಗೆ ಗೂಟದಲ್ಲಿ ಹುರಿ ತೂಗುತ್ತಿತ್ತು. ಹನ್ನೊಂದು ಗಂಟು. ನಾಲ್ಕನೆಯದು ನನ್ನ ಗಂಡನದು. ತುದಿ ಒಂದೆಳೆ ಹೊರಗೆ.

ಆಗ ನನ್ನ ಮನಸ್ಸಿಗೆ ಬಂದದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಈ ಗಂಟು ಬಿಚ್ಚಿದರೆ ಅವರು ಬಂದಿದ್ದಾರೆ ಎಂದುಕೊಳ್ಳುತ್ತಾಳೆ. ಬಂದವರು ಮನೆಗೆ ಹೋದಮೇಲೆ ಒಂದೆರಡು ದಿನದಲ್ಲಿ ಇವಳ ಹತ್ತಿರ ಹರಟೆಗೆ ಬರುವುದು ಇದ್ದೇ ಇದೆ. ಈ ಸಲ ಬರುವುದಿಲ್ಲ. ಕಾದು ಕಾದು ಕೋಲು ಹಿಡಿದುಕೊಂಡು ಗುಡ್ಡ ಇಳಿಯುತ್ತಾಳೆ. ನನ್ನ ಬಾಗಿಲಲ್ಲಿ ನಿಲ್ಲುತ್ತಾಳೆ. ಹಿಕೊಜೊ ಮನೆಗೆ ಬಂದ್ನಾ ಎಂದು ನನ್ನನ್ನು ಕೇಳುತ್ತಾಳೆ. ನನ್ನ ಗಂಡನ ವಿಷಯ ಒಂದೇ ಒಂದು ಸಲ ಅವಳು ನನ್ನನ್ನು ಕೇಳಬೇಕು. ಬಂದಿಲ್ವಲ್ಲ ಅಕ್ಕ, ನಿನಗೆ ಗೊತ್ತಿರಬೇಕಿತ್ತು ಎಂದು ನಾನು ಹೇಳಬೇಕು.

ನನಗೆ ಬೇಕಾಗಿದ್ದದ್ದು ಅಷ್ಟು. ಗಂಟು ಬಿಚ್ಚಿದೆ. ಬಿಗಿಯಾಗಿತ್ತು, ಉಗುರು ಹಾಕಬೇಕಾಯಿತು. ಗಂಜಿ ಇಟ್ಟು, "ಅಕ್ಕ, ಮುಚ್ಚಿಟ್ಟಿದ್ದೀನಿ, ಆರೋ ಮುಂಚೆ ಉಣ್ಣು" ಎಂದು ತೊರೆಯ ಕಡೆ ಕೂಗಿ ಇಳಿದು ಬಂದೆ.

ಸಂಜೆಯವರೆಗೂ ಅವಳು ಬರಲಿಲ್ಲ.

ಮರುದಿನ ಮಂಜು ಹರಿಯುವ ಮುಂಚೆ ಕಣಿವೆಯ ಮೂರು ಬಾಯಲ್ಲೂ ಶತ್ರುವಿನ ನಗಾರಿ ಕೇಳಿತು. ಊರಿನಲ್ಲಿದ್ದ ಗಂಡಸರು ಕೋಟೆ ದಿಬ್ಬಕ್ಕೆ ಓಡಿದರು. ಹೆಂಗಸರು ದಕ್ಷಿಣದ ಕಾಡಿನ ದಾರಿ ಹಿಡಿದು ಪಕ್ಕದ ಯಾಮಾತೊ ಸೀಮೆಯ ಗಡಿಗೆ ಹೊರಟೆವು. ಎಲ್ಲರಿಗಿಂತ ಕೊನೆಗೆ ತೋಮೆ ಬಂದು ಸೇರಿದಳು.

"ಇಷ್ಟೊತ್ತು ಏನ್ ಮಾಡ್ತಿದ್ದೆ ಹೆಣ್ಣೇ? ತಲೆ ಬಾಚ್ಕೋತಿದ್ಯಾ?" ಎಂದು ಅತ್ತೆ ರೇಗಿದರು.

"ಮೇಲಿನ ಕವಲಲ್ಲಿ ಸ್ವಲ್ಪ ಕೆಲಸ ಇತ್ತು ಅಮ್ಮ."

ಏನು ಕೆಲಸ ಎಂದು ಯಾರೂ ಕೇಳಲಿಲ್ಲ. ಅವಳು ನನ್ನ ತೋಳಿನ ಬಟ್ಟೆ ಹಿಡಿದುಕೊಂಡು ನಡೆದಳು. ಹಿಕೊಜೊ ಮಿಕ್ಕ ಗಂಡಸರ ಜೊತೆ ಕೋಟೆಯಲ್ಲಿದ್ದಾನೆ ಎಂದು ಅವಳು ತಿಳಿದಿದ್ದಳು. ನಿಜ ಹೇಳಲು ನನಗೆ ಎರಡು ಹಗಲು ಇತ್ತು. ಅತ್ತೆಯನ್ನು ಬೆನ್ನ ಮೇಲೆ ಹೊತ್ತಿದ್ದೆ, ಹಿಂದೆ ಹೊಗೆ ಏಳುತ್ತಿತ್ತು. ಅದು ಕಾರಣವಲ್ಲ. ನಾಚಿಕೆಯಾಯಿತು, ಹೇಳಲಿಲ್ಲ. ಹೇಳದಿದ್ದರೆ ಏನು ಕೆಡುತ್ತದೆ ಎಂದುಕೊಂಡೆ.

ಇಪ್ಪತ್ತು ದಿನವಾದ ಮೇಲೆ ಜಿನ್‌ರೋಕು ನಾವಿದ್ದಲ್ಲಿಗೆ ಬಂದ. ಅವನು ನನ್ನ ಗಂಡನ ಚಿಕ್ಕಪ್ಪನ ಮಗ, ಹುರಿಯಲ್ಲಿ ಏಳನೇ ಗಂಟಿನವನು. ಬಂದವನೇ ತೋಮೆಯ ಕಾಲಿಗೆ ಬಿದ್ದ.

"ಅಕ್ಕ, ನಿನ್ನ ಅಕ್ಕಿ ನನ್ನ ಪ್ರಾಣ ಉಳಿಸ್ತು."

"ಏನ್ ಅಕ್ಕಿ?" ಎಂದೆ ನಾನು.

"ಇನ್ನೇನ್ ಮುಚ್ಚಿಡೋದು ಅತ್ತಿಗೆ, ಊರೇ ಹೋಯ್ತು. ನಮ್ಮೊಬ್ಬೊಬ್ರಿಗೂ ಒಂದೊಂದು ಬಣ್ಣದ ಗುರುತು. ಬಣ್ಣ ಹಾಕಿದ ಅಕ್ಕಿ ಹಕ್ಕಿ ತಿನ್ನಲ್ಲ. ಒಬ್ಬೊಬ್ರ ಅಕ್ಕಿ ಚೀಲದ ಬಾಯಿಗೂ ಅವರವರದೇ ಗಂಟು, ತೋಮಕ್ಕ ಮುಟ್ಟಿ ಗುರುತು ಹಿಡೀತಾಳೆ. ಊರಲ್ಲಿ ಅಪಾಯ ಇದ್ರೆ, ಹೊರಗಿರೋರ ಗುರುತಿನ ಅಕ್ಕಿನ ಗುಡ್ಡದ ದಾರಿಯ ಮೇಲಿನ ಕವಲಲ್ಲಿ ಇಡ್ತಾಳೆ. ನನ್ನ ಹಳದಿ ಇತ್ತು, ಆ ಕಡೆಯಿಂದಲೇ ತಿರುಗಿದೆ."

"ಅಕ್ಕಿ ಇಲ್ದೇ ಹೋದ್ರೆ?"

"ಇಲ್ದೇ ಹೋದ್ರೆ ಮನೆ ಕ್ಷೇಮ ಅಂತ. ಸೀದಾ ಇಳಿಯೋದೇ."

"ಯಾರ್‍ಯಾರಿಗೆ ಇಟ್ಟೆ ತೋಮೆ?" ಎಂದು ಅತ್ತೆ ಕೇಳಿದರು.

"ಹತ್ತು ಜನಕ್ಕೆ ಅಮ್ಮ. ಹಿಕೊಜೊ ಹಿಂದಿನ ದಿನವೇ ಬಂದು ಗಂಟು ಬಿಚ್ಚಿದ್ನಲ್ಲ."

ಜಿನ್‌ರೋಕು ನನ್ನ ಕಡೆ ತಿರುಗಿ ತಲೆ ತಗ್ಗಿಸಿದ. "ಅತ್ತಿಗೆ, ಸೈನ್ಯ ಹೋದ್ಮೇಲೆ ನಾನು ಇಳಿದು ನೋಡಿದೆ. ಅಣ್ಣ ಗಿರಣಿ ಕಾಲುವೇಲಿದ್ದ. ದಾರಿ ಚಪ್ಪಲಿ ಕಾಲಲ್ಲಿ ಹಾಗೇ ಇತ್ತು, ಬೆನ್ನ ಮೇಲಿನ ಮೂಟೆನೂ ಹಾಗೇ ಇತ್ತು. ಊರಿಗೋಸ್ಕರ ನಿಂತು ಸತ್ತಿದ್ದಾನೆ. ಗಂಡಸಾಗಿ ಸತ್ತಿದ್ದಾನೆ."

ಎಲ್ಲರೂ ಅತ್ತರು. ಮಗ ಮನೆಗೆ ಬರದೆ ಸೀದಾ ಕೋಟೆಗೆ ಹೋಗಿದ್ದ ಎಂದು ಅತ್ತೆ ಅಂದುಕೊಂಡಿರಬೇಕು. ಊರಿಗೋಸ್ಕರ ನಿಂತವನ ಬೆನ್ನ ಮೇಲೆ ಪ್ರಯಾಣದ ಮೂಟೆ ಯಾಕಿತ್ತು ಎಂದು ಅವರಲ್ಲಿ ಯಾರೂ ಕೇಳಲಿಲ್ಲ. ತೋಮೆಯ ಕೈ ಮಡಿಲಲ್ಲಿದ್ದ ಹುರಿಯ ಮೇಲೆ ನಿಂತಿತು. ಆಮೇಲೆ ಮತ್ತೆ ಓಡಾಡಿತು. ನಾನು ಆಗ ಅಳಲಿಲ್ಲ. ನನ್ನ ಉಗುರಿನ ಸಂದಿಯ ಕಂದು ಬಣ್ಣ ನೋಡುತ್ತ ಕೂತಿದ್ದೆ.

ಆ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ತೊಚಿನೊದವರು ಚದುರಿದರು. ಕೆಲವರು ಔಷಧಿ ಮೂಟೆ ಹೊತ್ತು ಊರೂರು ತಿರುಗಿದರು. ವರ್ಷಗಳ ಮೇಲೆ ಕೆಲವರು ಪೂರ್ವದ ಹೊಸ ಪಟ್ಟಣ ಎದೊಗೆ ಹೋಗಿ ಕೋಟೆ ಬಾಗಿಲಿನ ಕಾವಲಿಗೆ ಸೇರಿದರು. ಜಿನ್‌ರೋಕು ಅಲ್ಲಿಂದ ಒಮ್ಮೆ ಬಂದಾಗ, "ಮೊದಲು ಕೋಟೆಯೊಳಗೆ ನುಸುಳಿದ್ರೆ ಊಟ, ಈಗ ಯಾರೂ ನುಸುಳದಂಗೆ ನೋಡ್ಕೊಂಡ್ರೆ ಊಟ" ಎಂದ. ತೋಮೆ ನಕ್ಕಳು. "ನುಸುಳೋರು ಯಾರೂ ಉಳಿದಿಲ್ಲ. ಕೂತ್ಕೊಂಡೇ ಉಣ್ಣು ಹಾಗಾದ್ರೆ."

ಹೊರಗಿದ್ದ ಹತ್ತು ಜನರಲ್ಲಿ ನಾಲ್ವರು ತಿರುಗಿ ಬಂದು ಗಂಟು ಬಿಚ್ಚಿದರು. ಮೂರು ವರ್ಷ ಕಳೆದಾಗ ಆರು ಗಂಟು ಉಳಿದಿತ್ತು. ಆರು ಹೆಂಡಂದಿರು ಆರು ಕಡೆ ಇದ್ದರು.

"ಶಿಮೊ, ನನ್ನ ಕೋಲಿನ ತುದಿ ಹಿಡೀತೀಯಾ?" ಎಂದಳು ತೋಮೆ.

ಎರಡು ವಸಂತ ನಾನು ಅವಳನ್ನು ನಡೆಸಿಕೊಂಡು ಹೋದೆ. ಮನೆಯ ಹೊರಗೆ ನಿಂತಿರುತ್ತಿದ್ದೆ. ಒಳಗೆ ಅವಳು ಸತ್ತವನ ಮಾತನ್ನು ಅವನ ಹೆಂಡತಿಯ ಕಿವಿಗೆ ಹೇಳಿ, ಅವಳ ಮುಂದೆಯೇ ಗಂಟು ಬಿಚ್ಚುತ್ತಿದ್ದಳು. ಕಿವಾ ಎಂಬವಳು ನಗುತ್ತ ಅಳುತ್ತ ಹೊರಗೆ ಬಂದು ನನ್ನ ಕೊರಳಿಗೆ ಬಿದ್ದಳು.

"ಏನ್ ಹೇಳಿದ್ದಾನೆ ಗೊತ್ತಾ ಆ ಮಹರಾಯ? ಕೋಳಿಗೂಡಿನ ಬಾಗಿಲು ಸರಿ ಮಾಡ್ದೆ ಹೋಗ್ತಿದ್ದೀನಿ, ಬೈಬೇಡ ಅಂತ! ಐದು ವರ್ಷದಿಂದ ಬೈತಾನೇ ಇದ್ದೀನಲ್ಲೇ ನಾನು!"

ಅವಳ ಬೆನ್ನು ಸವರಿದೆ. ಆ ಕೋಳಿಗೂಡಿನ ಬಾಗಿಲಿನ ಮೇಲೂ ನನಗೆ ಅಸೂಯೆಯಾಯಿತು.

ತಿರುಗಿ ಬರುವಾಗ ಕೇಳಿಬಿಟ್ಟೆ. "ನನಗೆ ಏನೂ ಇಲ್ವಾ ಅಕ್ಕ?"

"ನಿನ್ನ ಗಂಡ ಬಂದು ಗಂಟು ಬಿಚ್ಚಿದ್ದಾನೆ. ಬಂದವನ ಮಾತು ಬಂದವನದು. ನಾನು ಮರೆತಿದ್ದೀನಿ."

"ನಿಜವಾಗ್ಲೂ ಮರೆತ್ಯಾ?"

"ಮರೆಯೋದೂ ನನ್ನ ಕೆಲಸ."

"ಒಂದು ಮಾತು ಅಕ್ಕ. ಅರ್ಧ ಮಾತು."

"ಗಂಟು ಇದ್ದಿದ್ರೆ ಪೂರ್ತಿ ಹೇಳ್ತಿದ್ದೆ ಕಣೆ. ಅವನು ಬಿಚ್ಚಿಲ್ಲ ಅಂತಾದ್ರೆ ಹೇಳ್ತಿದ್ದೆ."

ಅಲ್ಲಿಂದ ಮುಂದೆ ನನಗೆ ಗೊತ್ತಿತ್ತು. ಆ ಮಾತು ಬೇಕಾದರೆ ನಾನು ಒಂದು ಮಾತು ಆಡಬೇಕು. ಬಿಚ್ಚಿದ್ದು ನಾನು. ಎರಡೇ ಪದ. ತೊರೆ ದಾಟುವಾಗ, ಕಲ್ಲಿನಿಂದ ಕಲ್ಲಿಗೆ ಅವಳ ಕಾಲು ಇಡಿಸುವಾಗ ಮನಸ್ಸಿನಲ್ಲೇ ಹೇಳಿಕೊಂಡೆ. ಬಾಯಿಗೆ ಬರಲಿಲ್ಲ. ಗಂಡನನ್ನು ಕೊಂದವಳು ಎನಿಸಿಕೊಳ್ಳಲು ತಯಾರಿದ್ದೆ. ಅವಳ ಮೇಲಿನ ಹೊಟ್ಟೆಕಿಚ್ಚಿಗೆ ಕೊಂದವಳು ಎಂದು ಅವಳಿಗೇ ಹೇಳಲು ತಯಾರಿರಲಿಲ್ಲ.

ನನ್ನ ಗಂಡ ಅವಳ ಕಿವಿಯಲ್ಲಿ ಬಿಟ್ಟುಹೋದ ಆ ಮಾತು ಈಗ ನನ್ನ ಹತ್ತಿರ ಇದೆ. ಅದೇನು ಎಂದು ಇಲ್ಲಿ ಬರೆಯುವುದಿಲ್ಲ. ನಲವತ್ತೆರಡು ವರ್ಷ ಅವಳೊಬ್ಬಳ ಹತ್ತಿರ ಇತ್ತು. ಉಳಿದಷ್ಟು ದಿನ ನನ್ನೊಬ್ಬಳ ಹತ್ತಿರ ಇರಲಿ.

ಆಮೇಲೆ ಇಬ್ಬರೂ ಯಾಮಾತೊದ ಈ ಊರಿನಲ್ಲಿ ಒಂದೇ ಸೂರಿನಡಿ ಉಳಿದೆವು. ಕೊಡೆಯ ಕಾಗದಕ್ಕೆ ಕಾಕಿ ರಸ ಬಳಿಯುವುದು ನಮ್ಮ ಕೆಲಸ. ನಾನು ಬಳಿದದ್ದನ್ನು ಅವಳು ಬೆರಳಿಂದ ಸವರಿ, "ಇಲ್ಲೊಂದು ಕಡೆ ತೆಳ್ಳಗಾಗಿದೆ" ಎನ್ನುತ್ತಿದ್ದಳು. ನೋಡಿದರೆ ನಿಜವಾಗಿ ತೆಳ್ಳಗಿರುತ್ತಿತ್ತು. ಬಸುರಿಯರ ಸೊಂಟ ತಿಕ್ಕುವುದರಲ್ಲಿ ಅವಳ ಕೈ ದೊಡ್ಡದು. ಊರಿನ ಹೆಂಗಸರು ಸೊಂಟ ತಿಕ್ಕಿಸಿಕೊಳ್ಳುತ್ತ ಗಂಡನ ಜಗಳ, ಅತ್ತೆಯ ಕಾಟ ಎಲ್ಲ ಅವಳಿಗೆ ಹೇಳಿಕೊಳ್ಳುತ್ತಿದ್ದರು. ನಾನು ಒಳಗೆ ಕಾಲಿಟ್ಟರೆ ಮಾತು ನಿಲ್ಲಿಸುತ್ತಿದ್ದರು. ಇಲ್ಲೂ ಅದೇ ಕಥೆ. ಎಲ್ಲಿ ಹೋದರೂ ಜನರ ಮಾತು ಅವಳ ಕಿವಿಯನ್ನೇ ಹುಡುಕಿಕೊಂಡು ಹೋಗುತ್ತಿತ್ತು.

"ನಿನಗೆ ಭಾರ ಆಗಲ್ವಾ ಇಷ್ಟೆಲ್ಲ ಹೊತ್ಕೊಂಡು?" ಎಂದು ಕೇಳಿದ್ದೆ.

"ಭಾರ ಆಗತ್ತೆ. ಹಗುರ ಮಾಡ್ಕೊಳ್ಳೋಕೆ ನಂಗೆ ಯಾರೂ ಇಲ್ವಲ್ಲ. ನಿನಗಾದ್ರೆ ನಾನಿದ್ದೀನಿ" ಎಂದಳು. ಮುಖ ನನ್ನ ಕಡೆ ತಿರುಗಿಸಿದಳು. ನಾನು ಎದ್ದು ಒಲೆಗೆ ಸೌದೆ ಒಟ್ಟಿದೆ.

ಹುರಿಯನ್ನು ಅವಳು ಎದೆಯ ಬಟ್ಟೆಯೊಳಗೆ ಇಟ್ಟುಕೊಂಡಿದ್ದಳು. ಒಂದೂ ಗಂಟಿಲ್ಲದ ಹುರಿ. ಗಂಟು ಇದ್ದ ಕಡೆಯಲ್ಲೆಲ್ಲ ಸೆಣಬು ಡೊಂಕಾಗಿ ಉಳಿದಿತ್ತು. ಹತ್ತು ಡೊಂಕು ಬೂದು ಬಣ್ಣ, ನಾಲ್ಕನೆಯದು ಕಂದು. ಅವಳಿಗೆ ಬಣ್ಣ ಕಾಣುವುದಿಲ್ಲ. ಬಟ್ಟೆ ಬದಲಿಸಿಕೊಡುವಾಗ ನನಗೆ ದಿನವೂ ಕಾಣುತ್ತಿತ್ತು.

ಈ ವರ್ಷ ಚೆರಿ ಹೂ ಉದುರುವ ಹೊತ್ತಿಗೆ ಅವಳಿಗೆ ಗಂಜಿ ನುಂಗಲಾಗದೆ ಹೋಯಿತು. ಅವಳಿಗೆ ಎಪ್ಪತ್ತೆರಡು, ನನಗೆ ಅರವತ್ತೇಳು. ಮೂರನೇ ದಿನ ಬೆಳಗ್ಗೆ ಬಿಸಿಲು ಚಾಪೆಯವರೆಗೆ ಬಂದಿತ್ತು. ಅದರ ಬಿಸಿಗೆ ಕೈ ಒಡ್ಡಿಕೊಂಡು ಮಲಗಿದ್ದಳು.

"ಬಾಯಿ ಒದ್ದೆ ಮಾಡ್ಲಾ ಅಕ್ಕ?"

"ಬೇಡ. ನಿನ್ನ ಕೈ ಕೊಡು."

ಕೊಟ್ಟೆ. ನನ್ನ ಬೆರಳು ಒಂದೊಂದನ್ನೂ ಸವರಿದಳು, ಐವತ್ತೊಂದು ವರ್ಷದ ಹಿಂದೆ ನನ್ನ ಮುಖ ಸವರಿದ ಹಾಗೆ. ಉಗುರಿನ ತುದಿಯಲ್ಲಿ ಅವಳ ಬೆರಳು ನಿಂತಿತು. "ಇನ್ನೂ ಅದೇ ನಾತ" ಎಂದು ಸಣ್ಣಗೆ ನಕ್ಕಳು.

ಆಮೇಲೆ ಎದೆಯೊಳಗಿಂದ ಹುರಿ ತೆಗೆದು ತುದಿಯಿಂದ ಎಣಿಸತೊಡಗಿದಳು. ಒಂದು. ಎರಡು. ಮೂರು. ನಾಲ್ಕನೆಯದರ ಹತ್ತಿರ ಬೆರಳು ಮುಂದೆ ಹೋಗಲಿಲ್ಲ. ಹುರಿಯ ಆ ಜಾಗವನ್ನು ಮೂಗಿನ ಹತ್ತಿರ ಹಿಡಿದಳು. ನಲವತ್ತೆರಡು ವರ್ಷದಲ್ಲಿ ಯಾವ ವಾಸನೆ ಉಳಿದಿರುತ್ತದೆ? ಆದರೆ ಹೊಸದಾಗಿದ್ದಾಗ ಅವಳು ಅದನ್ನು ಎಷ್ಟು ಸಲ ಹೀಗೆ ಹಿಡಿದಿದ್ದಳೋ, ಯಾವ ದಿನ ಅವಳಿಗೆ ತಿಳಿಯಿತೋ, ನಾನು ಕೇಳಲಿಲ್ಲ.

ಹುರಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಯಾರದೋ ಮನೆಯ ಬಾಗಿಲಲ್ಲಿ ಕೋಲು ಹಿಡಿದು ನಿಂತವಳು ಕೇಳುವ ಹಾಗೆ, ಸಂಕೋಚದಿಂದ, ಮೆಲ್ಲಗೆ ಕೇಳಿದಳು:

"ಶಿಮೊ, ಆವತ್ತು ಹಿಕೊಜೊ ಮನೆಗೆ ಬಂದಿದ್ನಾ?"